ಎಂಜಿನ್ಸ್ ತಂಡದ ಕೊನೆಯ ಕೋಚ್

ಹುಬ್ಬಳ್ಳಿ ಎಂಜಿನ್ಸ್ ಹಾಕಿ ತಂಡ ಸತತ ಏಳನೇ ಪಂದ್ಯವನ್ನೂ ಸೋತ ಮರುದಿನ, ಸ್ಟೇಡಿಯಮ್ಮಿನ ಎದುರಿನ ಸಾವಜಿ ಖಾನಾವಳಿಯಲ್ಲಿ ಊಟಕ್ಕೆ ಕುಳಿತವರಿಗಿಂತ ಜಗಳಕ್ಕೆ ನಿಂತವರೇ ಹೆಚ್ಚಾಗಿದ್ದರು. ಕೋಚ್ ಆಗಿದ್ದ ಜಲಂಧರದವನು ಬೆಳಗಿನ ವಿಮಾನಕ್ಕೇ ಊರು ಬಿಟ್ಟಿದ್ದ. ಲೀಗಿನ ಹನ್ನೆರಡು ತಂಡಗಳಲ್ಲಿ ಎಂಜಿನ್ಸ್ ಹನ್ನೆರಡನೆಯದು. ಹಂಗಾಮು ಮುಗಿದಾಗ ಪಟ್ಟಿಯಲ್ಲಿ ಕಟ್ಟಕಡೆಗಿರುವ ತಂಡ ತನ್ನ ಊರಿನಿಂದ ಎದ್ದುಹೋಗುತ್ತದೆ, ಪರವಾನಗಿ ಬೇರೆ ಊರಿಗೆ ಸಿಗುತ್ತದೆ. ಅರ್ಧ ಹಂಗಾಮು ಇನ್ನೂ ಬಾಕಿ ಇತ್ತು. ಇನ್ನು ತಂಡವನ್ನು ಯಾರ ಕೈಗೆ ಕೊಡಬೇಕು ಎನ್ನುವ ಒಂದೇ ಮಾತು ಊರಿನ ಎಲ್ಲರ ಬಾಯಲ್ಲೂ ಇತ್ತು.

“ಹಾಲೆಂಡಿನ ಡಿ ಬೂರ್‌ನ ಕರಸ್ರಿ. ಒಂದ ತಿಂಗಳಾಗ ಈ ಹುಡುಗ್ರ ಮೈಯಾಗಿನ ಜಡ ಇಳಸ್ತಾನ,” ಎಂದ ಒಬ್ಬ.

“ಅಂವಾ ಬೈದದ್ದು ನಮ್ಮ ಹುಡುಗ್ರಿಗೆ ತಿಳೀಬೇಕಲ್ಲೋ ಮೊದಲ! ಕೊಡಗಿನ ಪೂವಯ್ಯ ಇರೂವಾಗ ಹಾಲೆಂಡ್ ಯಾಕ?”

“ಪೂವಯ್ಯಗ ಪೆನಾಲ್ಟಿ ಕಾರ್ನರ್ ಬಿಟ್ರ ಬ್ಯಾರೆ ಏನ ಬರ್ತೈತಿ?”

ಆಗ ಬಸವಂತ ಹೆಬಸೂರ ರೊಟ್ಟಿ ಬಿಟ್ಟು ಎದ್ದು ನಿಂತ. ರೇಲ್ವೆ ವರ್ಕ್‌ಶಾಪಿನಲ್ಲಿ ವೆಲ್ಡರ್. ಎಂಜಿನ್ಸ್ ಅಭಿಮಾನಿಗಳ ಉತ್ತರ ಗ್ಯಾಲರಿಗೆ ಅವನೇ ಮುಂದಾಳು. ಅವನು ಎದ್ದರೆ ಉಳಿದವರು ದನಿ ತಗ್ಗಿಸುತ್ತಿದ್ದರು. “ಫಕೀರಪ್ಪ ಮಾಸ್ತರನ್ನ ಮನ್ಯಾಗ ಕುಂಡ್ರಿಸಿ ಜಗತ್ತೆಲ್ಲಾ ಹುಡುಕ್ತೀರೇನ್ರೋ? ಮಣ್ಣಿನ ಗ್ರೌಂಡಿನಾಗ ಹರಕ ಬೂಟ ಹಾಕ್ಕೊಂಡು ಆಡೋ ಹುಡುಗ್ರನ್ನ ರಾಜ್ಯ ತಂಡಕ್ಕ ಕಳಿಸಿದ ಮನಷ್ಯಾ ಅದಾನ. ನನ್ನ ಕೈಯಾಗ ಸ್ಟಿಕ್ ಕೊಟ್ಟಾಂವಾ ಅಂವಾ. ನನ್ನಂಥಾ ದಡ್ಡನ್ನ ಜಿಲ್ಲಾ ಮಟ್ಟಕ್ಕ ಆಡಿಸಿದ ಅಂದ್ರ ತಿಳೀರಿ!”

ಎಲ್ಲರೂ ನಕ್ಕರು. ಪಕ್ಕದಲ್ಲಿ ಕುಳಿತಿದ್ದ ಕಸ್ತೂರಿಯೂ ನಕ್ಕಳು. ಗಂಡ ಹೀಗೆ ಕೂಗಾಡುವಾಗ ಅವಳಿಗೆ ಅವನು ಹೆಚ್ಚು ಇಷ್ಟವಾಗುತ್ತಿದ್ದ. ಸೋಲಿನ ಮರುದಿನ ಈ ಜನ ಹೊಟ್ಟೆ ತುಂಬ ಉಂಡು ಹೋಗುತ್ತಿದ್ದುದು ಈ ಜಗಳದ ಬಲದಿಂದಲೇ ಎಂದು ಅವಳಿಗೆ ಅನಿಸುತ್ತಿತ್ತು.

ಖಾನಾವಳಿಯ ಪರಶುರಾಮಸಾ ಸಾರಿನ ಸೌಟು ಹಿಡಿದುಕೊಂಡೇ ಅವಳ ಬಳಿ ಬಂದ. “ಕಸ್ತೂರಕ್ಕಾರ, ಕ್ಲಬ್ಬಿನಾಗ ನಿಮ್ಮ ಕೈಯಾಗ ಅದೇನೋ ಮಷೀನ್ ಐತಂತಲ್ರಿ. ಮೂರೂ ಮಂದಿ ಹೆಸರ ಹಾಕಿ ಕೇಳಿಬಿಡ್ರಲಾ. ಒಂದ ಸಲ ಇತ್ಯರ್ಥ ಆಗ್ಲಿ.”

ಎಲ್ಲರೂ ಅವಳ ಕಡೆ ತಿರುಗಿದರು.

ಆ ಯಂತ್ರದ ಹೆಸರು ಮುನ್ನೋಟ. ಕ್ಲಬ್ಬಿನ ಎರಡನೇ ಅಂತಸ್ತಿನ ನಿಯಂತ್ರಣ ಕೊಠಡಿಯಲ್ಲಿ ಅದನ್ನು ನಡೆಸುತ್ತಿದ್ದವಳು ಕಸ್ತೂರಿ. ಆಟಗಾರರು ತಂಡಕ್ಕೆ ಸೇರಿದ ದಿನದಿಂದ ಅವರ ಎದೆಗೂ ಹಣೆಗೂ ಚರ್ಮದಷ್ಟೇ ತೆಳುವಾದ ಒಂದೊಂದು ಪಟ್ಟಿ ಅಂಟಿಸಿರುತ್ತಿದ್ದರು. ಉಸಿರು, ನಾಡಿ, ಕಣ್ಣು ಹೊರಳುವ ವೇಗ, ಚೆಂಡು ಬಂದಾಗ ಕೈ ಎಷ್ಟು ಅಳುಕುತ್ತದೆ ಎನ್ನುವುದೆಲ್ಲ ಅದರಿಂದ ಯಂತ್ರಕ್ಕೆ ಹೋಗುತ್ತಿತ್ತು. ವರ್ಷಗಟ್ಟಲೆ ಹೀಗೆ ಕೂಡಿದ ವಿವರದಿಂದ ಯಂತ್ರದೊಳಗೆ ಪ್ರತಿ ಆಟಗಾರನ ಒಂದು ನೆರಳು ತಯಾರಾಗಿತ್ತು. ಆ ನೆರಳು ದಣಿಯುತ್ತಿತ್ತು, ಸಿಟ್ಟಾಗುತ್ತಿತ್ತು, ಹೆದರುತ್ತಿತ್ತು. ಹಳೆಯ ಪಂದ್ಯಗಳ ದೃಶ್ಯಗಳಿಂದ ಕೋಚುಗಳ ನೆರಳನ್ನೂ ಕಟ್ಟಬಹುದಿತ್ತು. ಆಮೇಲೆ ಉಳಿದ ಹಂಗಾಮನ್ನು ಯಂತ್ರ ಒಂದು ಲಕ್ಷ ಸಲ ಆಡಿ ಮುಗಿಸಿ, ನೂರಕ್ಕೆ ಎಷ್ಟು ಸಲ ತಂಡ ಉಳಿಯಿತೆಂದು ಹೇಳುತ್ತಿತ್ತು. ಗಾಯಾಳುಗಳ ಲೆಕ್ಕಾಚಾರಕ್ಕೆಂದು ತಂದ ಯಂತ್ರ ಅದು. ಕೊಠಡಿಯ ಹೊರಗೆ ಅದರ ಒಂದು ಅಂಕಿಯೂ ಹೋದದ್ದಿರಲಿಲ್ಲ.

ಕ್ಲಬ್ಬಿನ ವ್ಯವಸ್ಥಾಪಕ ಇನಾಮದಾರನಿಗೆ ಪರಶುರಾಮಸಾನ ಮಾತು ಹೇಗೋ ಮುಟ್ಟಿತು. ಅವನಿಗೆ ಅದು ಬಹಳ ಹಿಡಿಸಿತು. “ಸ್ಟೇಡಿಯಮ್ಮಿನ ದೊಡ್ಡ ತೆರೆ ಮ್ಯಾಲೆ ತೋರಸೋಣು. ಯಾರ ಅಂಕಿ ಹೆಚ್ಚು, ಅವರಿಗೆ ಕೋಚ್ ಕೆಲಸಾ. ನಾಳೆ ನಮ್ಮನ್ನ ಯಾರೂ ಬೈಯೂ ಹಂಗಿಲ್ಲ,” ಎಂದ.

ಒಂದು ಭಾನುವಾರ ಬೆಳಿಗ್ಗೆ, ಪಂದ್ಯವೇ ಇಲ್ಲದ ದಿನ, ಸ್ಟೇಡಿಯಂ ತುಂಬಿತು. ಪೂವಯ್ಯನಿಗೆ ಇಪ್ಪತ್ತೆರಡು. ಡಿ ಬೂರ್‌ಗೆ ಇಪ್ಪತ್ತೇಳು. ಫಕೀರಪ್ಪ ಬಾರಕೇರನಿಗೆ ಮೂವತ್ತೊಂದು. ಉತ್ತರ ಗ್ಯಾಲರಿ ಹುಚ್ಚೆದ್ದು ಕುಣಿಯಿತು. ಬಸವಂತ ಮನೆಗೆ ಬಂದವನೇ ಹೆಂಡತಿಯನ್ನು ಎತ್ತಿ ಒಂದು ಸುತ್ತು ತಿರುಗಿಸಿದ. “ನಾ ಹೇಳಿರಲಿಲ್ಲೇನ? ಹೇಳಿರಲಿಲ್ಲೇನ ನಾ?”

ಮೂವತ್ತೊಂದು ಎಂದರೆ ಮುಳುಗುವ ಸಾಧ್ಯತೆ ಅರವತ್ತೊಂಬತ್ತು ಎಂದು ಆ ದಿನ ಯಾರೂ ಕಳೆದು ನೋಡಲಿಲ್ಲ. ಆಟಗಾರರು ಮಾತ್ರ ನೋಡಿದ್ದರು.

ಮಾಸ್ತರರು ಬಂದ ವಾರದ ಕೊನೆಗೆ ಕಸ್ತೂರಿ ಯಂತ್ರವನ್ನು ಮತ್ತೆ ಓಡಿಸಿದಾಗ ಅಂಕಿ ಹತ್ತೊಂಬತ್ತಕ್ಕೆ ಇಳಿದಿತ್ತು. ನಡುವೆ ಪಂದ್ಯವೇನೂ ಆಗಿರಲಿಲ್ಲ, ಯಾರೂ ಗಾಯಗೊಂಡಿರಲಿಲ್ಲ. ಎಲ್ಲೋ ತಪ್ಪಾಗಿದೆ ಎಂದುಕೊಂಡು ಅವಳು ಒಬ್ಬೊಬ್ಬ ಆಟಗಾರನ ನೆರಳನ್ನೂ ಬಿಚ್ಚಿ ನೋಡಿದಳು. ನಾಯಕ ಸಂದೀಪ ಕುಜೂರನ ನೆರಳು ಗೋಲಿನ ಮುಂದೆ ಚೆಂಡು ಬಂದಾಗ ರೆಪ್ಪೆ ಮಿಟುಕಿಸುವಷ್ಟು ಹೊತ್ತು ತಡೆಯುತ್ತಿತ್ತು. ಮೊದಲು ಆ ತಡೆ ಇರಲಿಲ್ಲ. ಎಲ್ಲರಲ್ಲೂ ಅದೇ. ಅವರು ತೆರೆಯ ಮೇಲಿನ ಅಂಕಿಯನ್ನು ನೋಡಿದ್ದರು. ನೋಡಿದ್ದು ಅವರ ಮೈಗೆ ಇಳಿದಿತ್ತು. ಮೈಯ ಪಟ್ಟಿಯಿಂದ ಮತ್ತೆ ಯಂತ್ರಕ್ಕೆ ಬಂದಿತ್ತು. ಹತ್ತೊಂಬತ್ತನ್ನು ತೆರೆಗೆ ಹಾಕಿದ ಮೇಲೆ ಹನ್ನೊಂದಾಯಿತು. ಯಂತ್ರ ಹೇಳಿದ್ದರಿಂದಲೇ ಯಂತ್ರ ಹೇಳಿದ್ದು ನಿಜವಾಗುತ್ತಾ ಹೋಗುತ್ತಿತ್ತು.

ಅವಳು ಇನಾಮದಾರನ ಬಳಿ ಓಡಿದಳು. “ಸರ್, ತೆರೆ ಬಂದ್ ಮಾಡ್ರಿ. ಈ ಅಂಕಿನ ಹುಡುಗ್ರನ್ನ ತಿನ್ನಾಕತ್ತೈತಿ.”

ಇನಾಮದಾರ ಕಿಟಕಿಯ ಹೊರಗೆ ಕೈ ತೋರಿಸಿದ. ಗೇಟಿನ ಹೊರಗೆ ಜನ ಸೇರಿದ್ದರು, ತಲೆಯೆತ್ತಿ ಕಾಯುತ್ತಿದ್ದರು. “ಆ ಮಂದಿ ನೋಡ್ರಿ. ಆಟಕ್ಕಿಂತ ಅಂಕಿ ನೋಡಾಕ ಹೆಚ್ಚಿಗಿ ಬರ್ತಾರ. ಇವತ್ತ ಬಂದ್ ಮಾಡಿದ್ರ ಏನೋ ಮುಚ್ಚಿಡಾಕತ್ತಾರ ಅಂತ ಕಲ್ಲ ಒಗೀತಾರ. ನೀವ ನಿಮ್ಮ ಕೆಲಸಾ ಮಾಡ್ರಿ.”

ಖಾನಾವಳಿಯಲ್ಲಿ ಈಗ ಯಾರೂ ಜಗಳವಾಡುತ್ತಿರಲಿಲ್ಲ. ಸಂಜೆ ಅಂಕಿ ಬರುತ್ತಿತ್ತು, ಎಲ್ಲರೂ ಫೋನು ನೋಡಿಕೊಳ್ಳುತ್ತಿದ್ದರು, ಒಬ್ಬ “ಹನ್ನೊಂದು” ಎನ್ನುತ್ತಿದ್ದ, ಮತ್ತೊಬ್ಬ “ಹ್ಞೂಂ” ಎನ್ನುತ್ತಿದ್ದ. ಬಲಗಡೆ ಯಾರನ್ನು ಆಡಿಸಬೇಕು ಎಂದು ಬಸವಂತ ಒಂದೆರಡು ಸಲ ಮಾತು ತೆಗೆದ. “ಯಾರನ ಆಡಿಸ್ಲಿ ತಗೋ, ಹನ್ನೊಂದ ಐತಲ್ಲ,” ಎಂದು ಉತ್ತರ ಬಂತು. ಅವನು ಮನೆಗೆ ಬಂದು ತಟ್ಟೆಯ ಮುಂದೆ ಸುಮ್ಮನೆ ಕೂರತೊಡಗಿದ. ಮದುವೆಯಾದ ಒಂಬತ್ತು ವರ್ಷಗಳಲ್ಲಿ ಆ ಮನೆಯಲ್ಲಿ ಇಷ್ಟು ಮೌನ ಇದ್ದದ್ದು ಕಸ್ತೂರಿಗೆ ನೆನಪಿರಲಿಲ್ಲ.

ಒಂದು ಮಧ್ಯಾಹ್ನ ಅವಳು ಮಾಡಿದ ಕೆಲಸ ಕ್ಷಣದಲ್ಲಿ ಮಾಡಿದ್ದಲ್ಲ, ಯೋಚಿಸಿಯೇ ಮಾಡಿದ್ದು. ತೆರೆಯ ಮೇಲೆ ಸುಳ್ಳು ಅಂಕಿ ತೋರಿಸಿದರೆ ಏನಾದೀತು ಎಂದು ಮೊದಲು ಯಂತ್ರವನ್ನೇ ಕೇಳಿದಳು. ನಲವತ್ತೆಂದು ತೋರಿಸಿದರೆ ನಿಜದ ಅಂಕಿ ಹದಿನೈದಕ್ಕೆ ಏರುತ್ತಿತ್ತು. ಐವತ್ತೆಂಟೆಂದು ತೋರಿಸಿದರೆ ಇಪ್ಪತ್ತಾರಕ್ಕೆ. ಆದರೆ ಅದು ಸುಳ್ಳೆಂದು ಒಬ್ಬರಿಗೂ ತಿಳಿಯಕೂಡದು. ತಿಳಿದರೆ ಎಲ್ಲ ಕುಸಿಯುತ್ತಿತ್ತು. ಮಾಸ್ತರರಿಗೂ ತಿಳಿಯಕೂಡದು. ಬಸವಂತನಿಗೂ. ಅವಳು ಐವತ್ತೆಂಟು ಎಂದು ಒತ್ತಿದಳು. ಹುಡುಗರ ಮೈಯಿಂದ ಕಸಿದದ್ದನ್ನು ಹುಡುಗರಿಗೇ ತಿರುಗಿ ಕೊಡುತ್ತಿದ್ದೇನೆ ಎಂದು ಅವಳಿಗೆ ಅನಿಸಿತ್ತು.

ಮುಂದಿನ ಪಂದ್ಯ ಮಂಗಳೂರಿನ ಮೇಲೆ. ಎಂಜಿನ್ಸ್ ನಾಲ್ಕು ಒಂದರಿಂದ ಗೆದ್ದಿತು.

ಆ ಸಂಜೆಯನ್ನು ಹುಬ್ಬಳ್ಳಿ ಮರೆಯುವಂತಿಲ್ಲ. ಸಂದೀಪ ಮೂರು ಗೋಲು ಹೊಡೆದ, ಒಂದು ಸಲವೂ ತಡೆಯಲಿಲ್ಲ. ಹುಡುಗರು ಫಕೀರಪ್ಪ ಮಾಸ್ತರರನ್ನು ಹೆಗಲ ಮೇಲೆ ಹೊತ್ತು ಮೈದಾನ ಸುತ್ತಿದರು. ಅರವತ್ತು ದಾಟಿದ ಆ ತೆಳ್ಳಗಿನ ಮನುಷ್ಯ ಒಂದು ಕೈಯಲ್ಲಿ ಟೋಪಿ ಹಿಡಿದುಕೊಂಡು, ಬಿದ್ದೇನೆಂಬ ಅಂಜಿಕೆಯಿಂದ ಇನ್ನೊಂದು ಕೈಯಲ್ಲಿ ಗೋಲ್‌ಕೀಪರನ ಕೂದಲು ಹಿಡಿದುಕೊಂಡು ನಗುತ್ತಿದ್ದರು. ಖಾನಾವಳಿಯಲ್ಲಿ ಮತ್ತೆ ಗದ್ದಲವೆದ್ದಿತು. ಕೂಗಿ ಕೂಗಿ ಬಸವಂತನ ದನಿ ಕೂತುಹೋಯಿತು. ಕಸ್ತೂರಿ ಅವನಿಗೆ ಬಿಸಿನೀರು ಕೊಟ್ಟು, ಅಡುಗೆಮನೆಗೆ ಹೋಗಿ ಸಂತೋಷಕ್ಕೆ ಅತ್ತಳು.

ಆಮೇಲೆ ಸೊಲ್ಲಾಪುರದ ಮೇಲೆ ಸೋತರು. ರಾಂಚಿಯ ಮೇಲೆ ಸೋತರು. ಇಪ್ಪತ್ತಾರು ಎಂದರೂ ನೂರರಲ್ಲಿ ಎಪ್ಪತ್ತನಾಲ್ಕು ಸಲ ಮುಳುಗುವುದೇ ತಾನೆ? ಆದರೆ ತೆರೆಯ ಮೇಲೆ ಐವತ್ತೆಂಟು ಇತ್ತು. ಅದನ್ನು ಇಳಿಸಿದರೆ ಹುಡುಗರು ಕುಸಿಯುತ್ತಾರೆಂದು ಕಸ್ತೂರಿ ಅದನ್ನು ಹಾಗೇ ಇಟ್ಟಳು. ಮತ್ತೊಂದು ಸೋಲಿನ ಮೇಲೆ ಅರವತ್ತೊಂದು ಮಾಡಿದಳು.

ಜನ ಬೇರೆ ರೀತಿಯಲ್ಲಿ ಲೆಕ್ಕ ಹಾಕತೊಡಗಿದ್ದರು. ಯಂತ್ರ ಸುಳ್ಳು ಹೇಳುವುದಿಲ್ಲ. ತಂಡದಲ್ಲಿ ಅರವತ್ತೊಂದರಷ್ಟು ಶಕ್ತಿ ಇದೆ. ಆದರೂ ಸೋಲುತ್ತಿದೆ. ಹಾಗಾದರೆ ಸೋಲಿಸುತ್ತಿರುವವರು ಯಾರು?

ಒಂದು ದಿನ ಊಟದ ಹೊತ್ತಿಗೆ ಬಸವಂತ, “ಮಾಸ್ತರು ಯಾರ ಕಡೆಯಿಂದನೋ ರೊಕ್ಕಾ ತಿಂದಾರ ಅಂತಾರ,” ಎಂದ.

ಕಸ್ತೂರಿಯ ಕೈಯಲ್ಲಿದ್ದ ತುತ್ತು ನಿಂತಿತು. “ನೀನೂ ಹಂಗ ಅಂತಿಯೇನು? ಸ್ಟಿಕ್ ಕೊಟ್ಟಾಂವಾ ಅಂತಿದ್ದೆಲ್ಲ.”

“ಅದಕ್ಕ ಹೊಟ್ಟಿ ಉರೀತೈತಿ. ನಿನ್ನ ಮಷೀನ ಹೇಳಾಕತ್ತೈತಲ್ಲ, ಹುಡುಗ್ರು ಗಟ್ಟಿ ಅದಾರಂತ. ಹೌದಿಲ್ಲ?”

ಆಗ ಅವಳು ನಿಜ ಹೇಳಬಹುದಿತ್ತು. ಇನ್ನು ಎರಡು ಪಂದ್ಯ ಗೆದ್ದರೆ ಎಲ್ಲ ಸರಿಹೋಗುತ್ತದೆ, ಅಲ್ಲಿಯವರೆಗೆ ತಡೆಯೋಣ ಎಂದುಕೊಂಡಳು. “ಹೌದು,” ಎಂದಳು.

ತವರಿನ ಮೈದಾನದಲ್ಲಿ ಭೋಪಾಲದ ಮೇಲೆ ಐದು ಸೊನ್ನೆಯಿಂದ ಸೋತ ಸಂಜೆ ಉತ್ತರ ಗ್ಯಾಲರಿಯವರು ಸ್ಟೇಡಿಯಮ್ಮಿನಿಂದ ಮನೆಗೆ ಹೋಗಲಿಲ್ಲ. ನೇರ ಗದಗ ರಸ್ತೆಯ ಹಿಂದಿನ ಓಣಿಗೆ, ಮಾಸ್ತರರ ಮನೆಗೆ ನಡೆದರು. ಕಸ್ತೂರಿ ನಿಯಂತ್ರಣ ಕೊಠಡಿಯಲ್ಲೇ ಇದ್ದಳು. ಯಾರೋ ಕಳಿಸಿದ ವಿಡಿಯೊ ಅವಳ ಫೋನಿಗೆ ಬಂತು. ಮಾಸ್ತರರು ಇನ್ನೂ ತಂಡದ ಅಂಗಿಯಲ್ಲೇ ಬಾಗಿಲಿಗೆ ಬಂದು ನಿಂತಿದ್ದರು. ಹಿಂದೆ ಅವರ ಹೆಂಡತಿ ಗಂಗವ್ವ. ಮುಂದೆ ಬಸವಂತ.

“ಯಾರ ಕಡೆಯಿಂದ ತಿಂದಿ ಹೇಳು,” ಎನ್ನುತ್ತಿದ್ದ ಬಸವಂತ.

“ಬಸೂ, ಒಳಗ ಬಾ. ಕುಂತ ಮಾತಾಡೋಣು,” ಎಂದರು ಮಾಸ್ತರರು.

“ಅರವತ್ತೊಂದ ಐತಿ! ಅರವತ್ತೊಂದ ಇದ್ದ ತಂಡನ ಕೊಂದೆಲ್ಲ ನೀ!”

“ನನಗೂ ತಿಳೀವಲ್ದೋ. ಆ ಅಂಕಿ ನೋಡಿ ನಾ ದಿನಾ ನನ್ನ ಕೇಳಕೋತೀನಿ, ನಾ ಏನ ತಪ್ಪ ಮಾಡಾಕತ್ತೀನಿ ಅಂತ...”

ಬಸವಂತ ಅವರ ಕೆನ್ನೆಗೆ ಹೊಡೆದ.

ಗಲಾಟೆ ಅಲ್ಲಿಗೇ ನಿಂತಿತು. ಕೈಯಾರೆ ಅನ್ನ ತಿನ್ನಿಸಿದವರ ಮೇಲೆ ಮಗ ಕೈ ಎತ್ತಿದ್ದನ್ನು ಕಂಡಂತೆ, ಕೂಗುತ್ತಿದ್ದವರು ಒಬ್ಬೊಬ್ಬರಾಗಿ ಹಿಂದೆ ಸರಿದರು. ಮಾಸ್ತರರು ಕೆನ್ನೆಯನ್ನು ಮುಟ್ಟಿಕೊಳ್ಳಲಿಲ್ಲ. ಬಸವಂತನನ್ನೇ ನೋಡುತ್ತಾ ನಿಂತಿದ್ದರು. ಗಂಗವ್ವ ಬಂದು ಅವರ ರಟ್ಟೆ ಹಿಡಿದು ಒಳಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದಳು.

ಕಸ್ತೂರಿ ಆ ಕ್ಷಣವೇ ತೆರೆಯ ಮೇಲಿನ ಅರವತ್ತೊಂದನ್ನು ಅಳಿಸಿ ನಿಜವಾದ ಅಂಕಿಯನ್ನು ಹಾಕಿದಳು. ಎರಡು. ಕೆಳಗೆ ಒಂದು ಸಾಲು ಬರೆದಳು: ಇಷ್ಟು ದಿನ ತೋರಿಸಿದ್ದು ಸುಳ್ಳು ಅಂಕಿ, ತೋರಿಸಿದವಳು ಯಂತ್ರ ನಡೆಸುವ ಕಸ್ತೂರಿ ಹೆಬಸೂರ, ಕೋಚರ ತಪ್ಪೇನೂ ಇಲ್ಲ.

ಮನೆಗೆ ಬಂದಾಗ ಬಸವಂತ ಹೊರಗಿನ ಕಟ್ಟೆಯ ಮೇಲೆ ಕುಳಿತಿದ್ದ. ಅವನಿಗೆ ಆಗಲೇ ತಿಳಿದಿತ್ತು.

“ನನಗರೆ ಹೇಳಬೇಕಿತ್ತು ನೀ,” ಎಂದ.

“ನಿನಗ ಹೇಳಿದ್ರ ನೀ ನಂಬತಿದ್ದಿಲ್ಲ. ನೀವೆಲ್ಲಾ ನಂಬಲಿಲ್ಲ ಅಂದ್ರ ಹುಡುಗ್ರೂ ನಂಬತಿದ್ದಿಲ್ಲ. ಒಂದ ಮ್ಯಾಚ್ ಗೆದ್ದರಲ್ಲ ಬಸೂ. ಗೆದ್ದದ್ದು ಸುಳ್ಳಲ್ಲಲ್ಲ.”

“ಹಂಗಾದ್ರ ನಾ ಇವತ್ತ ಹೊಡದದ್ದು ಯಾರನ್ನ?”

ಅವನು ಬೈಯಲಿಲ್ಲ, ಒಂದು ಪಾತ್ರೆಯನ್ನೂ ಎಸೆಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಆಮೇಲೆ ಬಹಳ ದಿನ ಅನಿಸಿತು.

ಕಲ್ಲು ಬೀಳಬಹುದೆಂದು ಇನಾಮದಾರ ಪೊಲೀಸರನ್ನು ಕರೆಸಿದ್ದ. ಯಾರೂ ಬರಲಿಲ್ಲ. ಎರಡು ಎಂದ ಮೇಲೆ ಯಾರ ಮೇಲೆ ಸಿಟ್ಟು ಮಾಡುವುದು? ಉಳಿದ ಪಂದ್ಯಗಳಿಗೆ ಗ್ಯಾಲರಿಗಳು ಖಾಲಿಯಾದವು. ಹುಡುಗರು ಆಡಿದರು; ಓಡುವಲ್ಲಿ ಓಡಿದರು, ನಿಲ್ಲುವಲ್ಲಿ ನಿಂತರು. ಮಾಸ್ತರರು ರಾಜೀನಾಮೆ ಕೊಟ್ಟಿದ್ದರು, ಹೊಸ ಕೋಚ್ ಯಾರಾಗಬೇಕೆಂದು ಯಾರೂ ಕೇಳಲಿಲ್ಲ. ಕೋಚ್ ಇಲ್ಲದೆಯೇ ಹಂಗಾಮು ಮುಗಿಯಿತು. ತಂಡ ಎದ್ದುಹೋಯಿತು. ಕಸ್ತೂರಿಯನ್ನು ಕೆಲಸದಿಂದ ತೆಗೆದರು.

ತೆಗೆಯುವ ಮೊದಲು, ಯಂತ್ರವನ್ನು ಒಪ್ಪಿಸಿಕೊಡುವ ಬೆಳಿಗ್ಗೆ, ಅವಳು ಅದನ್ನು ಕೊನೆಯ ಬಾರಿಗೆ ಓಡಿಸಿದಳು. ಮಂಗಳೂರಿನ ಪಂದ್ಯವನ್ನು ಮಾಸ್ತರರಿದ್ದು, ಸುಳ್ಳು ಅಂಕಿ ಇಲ್ಲದೆ ಆಡಿಸಿದಳು. ಆಮೇಲೆ ಸುಳ್ಳು ಅಂಕಿ ಇದ್ದು, ಮಾಸ್ತರರಿಲ್ಲದೆ ಆಡಿಸಿದಳು. ಆ ಗೆಲುವು ನಿಮ್ಮದೇ ಎಂಬ ಮಾತನ್ನಾದರೂ ಮಾಸ್ತರರಿಗೆ ಒಯ್ದು ಕೊಡಬೇಕೆಂದು ಅವಳ ಆಸೆಯಿತ್ತು. ಯಂತ್ರ ಕೊಟ್ಟ ಉತ್ತರವನ್ನು ನೋಡಿ, ನೋಡಬಾರದಿತ್ತು ಎಂದುಕೊಂಡಳು.

ಆದರೂ ಹೋದಳು. ಬಸವಂತನನ್ನು ಕರೆದಳು. ಅವನು ಚಪ್ಪಲಿ ಮೆಟ್ಟಿಕೊಂಡು ಓಣಿಯ ತಿರುವಿನವರೆಗೆ ಬಂದು, “ನೀ ಹೋಗಿ ಬಾ,” ಎಂದು ಹಿಂತಿರುಗಿದ.

ಮಾಸ್ತರರ ಓಣಿಯಲ್ಲಿ ಅಂದು ನಳಕ್ಕೆ ನೀರು ಬಂದಿತ್ತು. ಎಲ್ಲರ ಮನೆಯ ಮುಂದೆಯೂ ಕೊಡ, ಬಕೇಟು, ಡ್ರಮ್ಮು. ಮಾಸ್ತರರು ಪಂಚೆ ಮೇಲಕ್ಕೆ ಕಟ್ಟಿಕೊಂಡು ಪೈಪು ಹಿಡಿದು ನಿಂತಿದ್ದರು. ಅವಳನ್ನು ಕಂಡು, “ಬಾರವಾ. ಈ ತುದಿ ಹಿಡಕೋ, ಜಾರತೈತಿ,” ಎಂದರು.

ಅವಳು ಹಿಡಿದುಕೊಂಡಳು. ಹೇಳಬೇಕಾದದ್ದನ್ನೆಲ್ಲ ನೀರಿನ ಸದ್ದಿನ ನಡುವೆ ಹೇಳಿದಳು. ಸುಳ್ಳು ಯಾಕೆ ಹೇಳಿದೆ, ಹೇಗೆ ಇಟ್ಟುಕೊಂಡೆ, ಯಾವಾಗ ನಿಲ್ಲಿಸಬೇಕಿತ್ತು. ಅವರು ನಡುನಡುವೆ ತಲೆ ಆಡಿಸಿದರು. ಒಂದು ಕೊಡ ತುಂಬಿತು, ಇನ್ನೊಂದು ಇಟ್ಟರು.

“ಒಂದ ಮಾತ ಕೇಳ್ತೀನಿ,” ಎಂದರು. “ಮಂಗಳೂರ ಮ್ಯಾಚ್. ಅವತ್ತ ಮಧ್ಯಂತರದಾಗ ನಾ ಸಂದೀಪನ್ನ ಎಡಕ್ಕ ತಂದೆ. ಬಾಕಿ ಎಲ್ಲಾ ಹೋಗ್ಲಿ. ಅದೊಂದನ್ನ ಗೆದ್ದದ್ದು ನನ್ನಿಂದ ಹೌದಿಲ್ಲ? ನಿನ್ನ ಮಷೀನಿಗೆ ಕೇಳಿದ್ದೀ ಏನು?”

“ಕೇಳಿದ್ದೆ, ಮಾಸ್ತರ. ನಿಮ್ಮಿಂದನ.”

ಮಾಸ್ತರರು ಅವಳ ಮುಖವನ್ನು ಒಂದು ಗಳಿಗೆ ನೋಡಿದರು.

“ಗೋಲ್‌ಕೀಪರಗೋಳು ಹಿಂಗ ಮಾಡ್ತಾರ,” ಎಂದರು ಮೆಲ್ಲಗೆ. “ಬಲಕ್ಕ ಜಿಗಿಯಾಂವಾ ಇದ್ದು ಎಡಕ್ಕ ಅಂತ ತೋರಸೂವಾಗ, ಕಣ್ಣ ಒಂದ ಸಲ ನೆಲಾ ನೋಡ್ತಾವು. ನಲವತ್ತ ವರ್ಷ ನೋಡೀನಿ ನಾ ಆ ಕಣ್ಣ. ಹೋಗ್ಲಿ ಬಿಡವಾ. ನೀ ತೆರೆ ಮ್ಯಾಲೆ ಹೇಳಿದಾಗ ನಿನ್ನ ಮುಖಾ ಕಾಣತಿದ್ದಿಲ್ಲ, ಅದಕ್ಕ ನಂಬಿದೆ.”

ಕಸ್ತೂರಿ ಏನೋ ಹೇಳಲು ಬಾಯಿ ತೆರೆದಳು. ಅವರು ಕೈ ಅಡ್ಡ ಮಾಡಿದರು. ಗಂಗವ್ವ ಬಾಗಿಲಿನಿಂದ ಕೂಗಿ, ನೀರು ಸಣ್ಣಗಾಗುತ್ತಿದೆ, ಹಿತ್ತಲಿನ ಡ್ರಮ್ಮು ಇನ್ನೂ ಖಾಲಿ ಇದೆ ಎಂದಳು. ಮಾಸ್ತರರು ಪೈಪನ್ನು ಕಸ್ತೂರಿಯ ಕೈಯಿಂದ ಬಿಡಿಸಿಕೊಂಡು ಹಿತ್ತಲಿಗೆ ಹೋದರು. ತಿರುಗಿ ಬರಲಿಲ್ಲ. ಅವಳು ಸ್ವಲ್ಪ ಹೊತ್ತು ಒದ್ದೆ ಅಂಗಳದಲ್ಲಿ ನಿಂತಿದ್ದು ಹೊರಟಳು.

ಮನೆಯಲ್ಲಿ ಬಸವಂತ ಬಾಗಿಲಲ್ಲೇ ಕಾಯುತ್ತಿದ್ದ.

“ಮಾಸ್ತರು ಏನಂದ್ರು?”

ಕಸ್ತೂರಿ ಒದ್ದೆಯಾದ ಸೀರೆಯ ನೆರಿಗೆಯನ್ನು ಹಿಂಡಿಕೊಂಡಳು. ಅವನ ಮುಖ ನೋಡಲಿಲ್ಲ.

“ನೀರ ಬಂದಿತ್ತು,” ಎಂದಳು. “ತುಂಬಾಕತ್ತಿದ್ರು.”

ಇನ್ನೇನಾದರೂ ಹೇಳುತ್ತಾಳೆಂದು ಅವನು ಬಹಳ ಹೊತ್ತು ನಿಂತಿದ್ದ.